ಅನಸೂಯಮ್ಮನವರ ಹುಲ್ಲಿನ ಅಂಗಳ

ಹರಿಹರದ ಹೊಳೆದಂಡೆಯ ಓಣಿಯಲ್ಲಿ ಇಮಾಮ್ ಸಾಹೇಬರು ಅಂತ ಒಬ್ಬ ಉಸ್ತಾದರಿದ್ದರು. ಮೊದಲು ಶಾಮಿಯಾನ ಹೊಲಿಯುತ್ತಿದ್ದರು. ಜನ ಮನೆಯಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿಸತೊಡಗಿದ ಮೇಲೆ ಅದರ ರಿಪೇರಿ ಕೆಲಸ ಹಿಡಿದರು. ಬಿಟ್ಟುಕೊಂಡದ್ದನ್ನು ಕೂಡಿಸುವುದು, ಸುಟ್ಟಲ್ಲಿ ತೇಪೆ ಹಾಕುವುದು, ಮಲಗಿದ ಎಳೆಗಳನ್ನು ಉಜ್ಜಿ ನಿಲ್ಲಿಸುವುದು.

ಅವರ ಶಿಷ್ಯ ಕೊಟ್ರೇಶಿ. ವಯಸ್ಸು ನಲವತ್ತು. ಪ್ರೆಸ್ಸಿನಲ್ಲಿ ಅಚ್ಚಿನ ತಪ್ಪು ತಿದ್ದುತ್ತಿದ್ದ. ಪ್ರೆಸ್ಸು ಮುಚ್ಚಿತು, ಇಲ್ಲಿಗೆ ಬಂದ. ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡುವ ಮನುಷ್ಯ.

ಒಂದು ದಿನ ಅನಸೂಯಮ್ಮನವರ ಮನೆಯಿಂದ ಕರೆ ಬಂತು. ಅನಸೂಯಮ್ಮ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಸೊಂಟದ ಆಪರೇಷನ್ ಆಗಿ, ಈಗ ವಾಕರ್ ಹಿಡಿದು ನಡೆಯುವುದನ್ನು ಹೊಸದಾಗಿ ಕಲಿಯುತ್ತಿದ್ದರು. ಕಲ್ಲಿನ ಮೇಲೆ ಕಾಲು ಜಾರೀತೆಂದು ಮಗಳು ಚೇತನಾ ಅಂಗಳಕ್ಕೆಲ್ಲ ಹುಲ್ಲು ಹಾಸಿಸಿದ್ದಳು. ಎರಡು ಹಾಸು ಕೂಡುವ ಕಡೆ ಜಾಯಿಂಟ್ ಬಿಟ್ಟುಕೊಂಡಿತ್ತು.

"ಇದನ್ನ ನೀನೊಬ್ಬನೇ ಮಾಡು" ಅಂದರು ಉಸ್ತಾದರು.

ಕೊಟ್ರೇಶಿ ಕೇಳಿದ, "ತಪ್ಪಿದ್ರೆ?"

"ಸಂದಿನ ಕೆಳಗೆ ಪಟ್ಟಿ ಇಡು, ಗಮ್ ಹಚ್ಚು, ಅಂಚು ಕೂಡಿಸು, ಮೇಲೆ ಭಾರ ಹೇರು. ನಾಳೆ ಬೆಳಗಿನ ತನಕ ಮುಟ್ಟಬೇಡ."

ಕೊಟ್ರೇಶಿ ಹಾಗೇ ಮಾಡಿದ. ಕೆಲಸ ಚೆನ್ನಾಗಿಯೇ ಆಯಿತು.

ಆದರೆ ಉಸ್ತಾದರ ಶೆಡ್ಡಿಗೆ ಬಂದು ಕೂತವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಟಿದೆಯೋ ಇಲ್ಲವೋ. ನಾಲ್ಕು ಗಂಟೆಗೆ ಹೋಗಿ, ಭಾರ ಸರಿಸಿ, ಅಂಚನ್ನು ಉಗುರಿನಿಂದ ಎತ್ತಿ ನೋಡಿದ. ಒತ್ತಿ ಬಂದ. ಐದೂವರೆಗೆ ಮತ್ತೆ ಹೋದ. ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ.

ಬೆಳಿಗ್ಗೆ ಭಾರವನ್ನೆಲ್ಲ ತೆಗೆದು ಬಂದ. ಆಗಲೂ ಎದೆಯಲ್ಲೊಂದು ಅಳುಕು ಉಳಿದೇ ಇತ್ತು.

ಮರುದಿನ ಆ ಬೀದಿಯಲ್ಲಿ ಹಾದು ಗೇಟಿನ ಮೇಲಿಂದ ಇಣುಕಿದ. ಅನಸೂಯಮ್ಮ ಅಂಗಳದಲ್ಲಿ ಕಾಣಲಿಲ್ಲ. ಅದರ ಮರುದಿನವೂ ಇಲ್ಲ. ಕೇಳೋಣವೆಂದರೆ ಬಾಯಿ ಬರಲಿಲ್ಲ.

ನಾಲ್ಕನೆಯ ದಿನ ಚೇತನಾ ಫೋನ್ ಮಾಡಿದಳು. "ಸಾಹೇಬ್ರೇ, ಬಂದು ಹುಲ್ಲು ಪೂರಾ ತೆಗೆದುಬಿಡಿ. ಭಾರ ತೆಗೆದ ದಿನವೇ ಅಮ್ಮ ಬಿದ್ರು. ಮೂಳೆಗೇನೂ ಆಗಿಲ್ಲ. ಆದ್ರೆ ಕುರ್ಚಿ ಬಿಟ್ಟು ಏಳ್ತಾ ಇಲ್ಲ. ಆಪರೇಷನ್ ಆದ ಕಾಲು ತಾನಾಗೇ ಮಡಚಿಕೊಳ್ತು, ಇನ್ನು ನಡೆಯೋದು ಸಾಕು ಅಂತಾರೆ."

ಇಬ್ಬರೂ ಹೋದರು.

ಕೊಟ್ರೇಶಿಯ ಕಣ್ಣು ನೇರ ಜಾಯಿಂಟಿನ ಕಡೆ ಹೋಯಿತು. ಅಂಚು ಬೆರಳೆತ್ತರ ಎದ್ದಿತ್ತು. ಹುಲ್ಲಿನ ಎಳೆಗಳ ನಡುವೆ ಅದು ಚೇತನಾಳ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಸುಮ್ಮನೆ ನಡೆದು ಹೋಗುವವನಂತೆ ಅದರ ಮೇಲೆ ಪಾದವಿಟ್ಟು ಒತ್ತಿ ನಿಂತ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡ. ಹಾಗಂದುಕೊಂಡದ್ದಕ್ಕೇ ನಾಚಿಕೆಯೂ ಆಯಿತು.

"ಕಾಲು ತೆಗಿ" ಅಂದರು ಉಸ್ತಾದರು.

ತೆಗೆದ. ಅಂಚು ಮೆಲ್ಲಗೆ ಮತ್ತೆ ಎದ್ದಿತು.

ಉಸ್ತಾದರು ಕೂತು ಹಾಸನ್ನು ಮಗುಚಿದರು. ಗಮ್ ಎಳೆ ಎಳೆಯಾಗಿ ಜಗ್ಗಿ, ಅಲ್ಲಲ್ಲೇ ಒಣಗಿ ನಿಂತಿತ್ತು.

"ಎಷ್ಟು ಸಲ ಎತ್ತಿದೆ?"

"ಮೂರು ಸಲ."

"ಯಾಕೆ?"

"ಅಂಟಿದೆಯೋ ಇಲ್ಲವೋ ಅಂತ."

"ಅಂಟಿತ್ತಾ?"

ಕೊಟ್ರೇಶಿ ಒಣಗಿದ ಗಮ್ಮಿನ ಎಳೆಯೊಂದನ್ನು ಮುಟ್ಟಿ ನೋಡಿದ. "ಅಂಟ್ತಾ ಇತ್ತು" ಅಂದ.

ಉಸ್ತಾದರು ಬೈಯಲಿಲ್ಲ. ಆಗಷ್ಟೇ ಬಾಗಿಲಿಗೆ ಬಂದ ಚೇತನಾಳ ಕಡೆ ತಿರುಗಿ, "ಹುಲ್ಲು ತೆಗೆಯೋದು ಆಮೇಲೆ ನೋಡೋಣಮ್ಮ, ಮೊದಲು ಇದನ್ನ ಸರಿ ಮಾಡ್ತೀವಿ" ಅಂದರು. ಅವಳು ಒಳಗೆ ಹೋದಳು.

ಇಬ್ಬರೂ ಹಳೆ ಗಮ್ ಪೂರ್ತಿ ಕೆರೆದು ತೆಗೆದರು. ಹಿಂಜಿದ ಅಂಚನ್ನು ಕತ್ತರಿಸಿದರು. ಹೊಸ ಪಟ್ಟಿ ಇಟ್ಟು ಕೂಡಿಸಿ, ಮರಳಿನ ಚೀಲಗಳನ್ನು ಹೇರಿದರು. ಮಧ್ಯಾಹ್ನದ ಬಿಸಿಲಿಗೆ ಪ್ಲಾಸ್ಟಿಕ್ ಕಾದು ಮಂಡಿ ಸುಡುತ್ತಿತ್ತು.

"ಕೆಲಸ ಮುಗೀತಾ ಉಸ್ತಾದ್ರೇ?"

"ಅರ್ಧ."

"ಇನ್ನೇನು ಉಳೀತು?"

ಉಸ್ತಾದರು ಗದ್ದ ಎತ್ತಿ ಕಿಟಕಿಯ ಕಡೆ ತೋರಿಸಿದರು. ಒಳಗೆ ಅನಸೂಯಮ್ಮ ಕುರ್ಚಿಯಲ್ಲಿ, ಗೋಡೆಗೆ ಮುಖ ಮಾಡಿ ಕೂತಿದ್ದರು.

ಕೊಟ್ರೇಶಿ ದನಿ ತಗ್ಗಿಸಿದ. "ನಿಜ ಹೇಳಿದ್ರೆ ನಮ್ಮನ್ನ ಮತ್ತೆ ಗೇಟೊಳಗೆ ಬಿಡಲ್ಲ. ನಿಮ್ಮ ಹೆಸರೂ ಹಾಳಾಗುತ್ತೆ."

"ಹೌದು."

"ಊರೆಲ್ಲ ಗೊತ್ತಾಗುತ್ತೆ."

"ಗೊತ್ತಾಗಬಹುದು."

"ನೀವೇ ಹೇಳಬಾರದಾ?"

"ನಾನು ಎತ್ತಿಲ್ಲ" ಅಂದರು ಉಸ್ತಾದರು. ಸಾಮಾನು ಜೋಡಿಸತೊಡಗಿದರು.

ಕೊಟ್ರೇಶಿ ಮೆಟ್ಟಿಲ ತನಕ ಹೋದ. ತಿರುಗಿ ಬಂದ. ಮತ್ತೆ ಹೋದ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ.

"ಅಮ್ಮಾ."

ಅನಸೂಯಮ್ಮ ತಿರುಗಲಿಲ್ಲ.

"ಅಮ್ಮಾ, ನಿಮ್ಮ ಕಾಲು ಮಡಚಿಕೊಂಡಿಲ್ಲ. ಹುಲ್ಲಿನ ಅಂಚು ಎದ್ದಿತ್ತು, ಅದಕ್ಕೆ ಸಿಕ್ಕಿ ಎಡವಿದ್ರಿ. ಅದನ್ನ ಎಬ್ಬಿಸಿದ್ದು ನಾನು. ಒಣಗೋಕೆ ಮುಂಚೆ ಎತ್ತಿ ಎತ್ತಿ ನೋಡಿದೆ."

ಅಡುಗೆಮನೆಯಿಂದ ಚೇತನಾ ಬಂದಳು. ಅವಳ ಮುಖ ಕೆಂಪಾಗಿತ್ತು. "ನಾಲ್ಕು ದಿನ! ನಾಲ್ಕು ದಿನ ಅಮ್ಮ ಒಂದು ತುತ್ತು ಸರಿಯಾಗಿ ತಿಂದಿಲ್ಲ. ನಿಮಗೆ ಇವತ್ತು ಬಾಯಿ ಬಂತಾ?"

"ಬಿದ್ದದ್ದು ಇವತ್ತೇ ಗೊತ್ತಾಯ್ತಮ್ಮ. ಆದ್ರೆ ಅಳುಕು ಅವತ್ತಿಂದಾನೇ ಇತ್ತು. ಕೇಳಬೇಕಾಗಿತ್ತು. ಕೇಳಲಿಲ್ಲ."

"ಆ ಸೊಂಟ ಇನ್ನೊಂದು ಸಲ ಮುರಿದಿದ್ರೆ ಏನ್ ಮಾಡ್ತಿದ್ರಿ? ಇನ್ಮೇಲೆ ಈ ಗೇಟೊಳಗೆ ಕಾಲಿಡಬೇಡಿ. ಇಬ್ಬರೂ!"

ಅನಸೂಯಮ್ಮ ಕೈ ಎತ್ತಿ ಮಗಳನ್ನು ತಡೆದರು.

"ನನ್ನ ಕಾಲಲ್ವಾ?" ಅಂದರು ಅನಸೂಯಮ್ಮ.

"ಅಲ್ಲಮ್ಮ."

"ಸರಿಯಾಗಿ ಹೇಳಪ್ಪಾ. ನನ್ನ ಕಾಲಲ್ವಾ?"

"ಅಲ್ಲಮ್ಮ. ನಾನು."

ಅವರು ಎರಡೂ ಕೈಯಿಂದ ತಮ್ಮ ಬಲಮಂಡಿಯನ್ನು ಹಿಡಿದುಕೊಂಡರು. ತಾವೇ ಬೈದಿದ್ದ ಮಗುವನ್ನು ಹತ್ತಿರ ಎಳೆದುಕೊಳ್ಳುವ ಹಾಗೆ. ಅವರ ಕಣ್ಣಲ್ಲಿ ನೀರು ಬಂತು.

ಆ ರಾತ್ರಿ ಕೊಟ್ರೇಶಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಉಸ್ತಾದರು ಬಂದು, "ನಡಿ" ಅಂದರು.

ಇಬ್ಬರೂ ಅನಸೂಯಮ್ಮನವರ ಮನೆಯೆದುರು ರಸ್ತೆಯಲ್ಲಿ, ಗೇಟಿನ ಹೊರಗೆ ನಿಂತರು.

ಚೇತನಾ ಬಂದು ಮರಳಿನ ಚೀಲಗಳನ್ನು ಒಂದೊಂದಾಗಿ ಬದಿಗೆ ಎಳೆದಳು. ಇವರನ್ನು ನೋಡಿದಳು, ಮಾತಾಡಿಸಲಿಲ್ಲ. ಗೇಟನ್ನೂ ತೆರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಅನಸೂಯಮ್ಮ ವಾಕರ್ ಹಿಡಿದು ಬಾಗಿಲಿಗೆ ಬಂದರು. ಒಂದು ಹೆಜ್ಜೆ. ನಿಂತರು. ಇನ್ನೊಂದು. ಜಾಯಿಂಟಿನ ಹತ್ತಿರ ಬಂದಾಗ ಕೊಟ್ರೇಶಿ ಗೇಟಿನ ಸರಳನ್ನು ಗಟ್ಟಿಯಾಗಿ ಹಿಡಿದ.

ಅವರು ಬಗ್ಗಿ ನೆಲವನ್ನು ನೋಡಿದರು. ವಾಕರನ್ನು ಮುಂದಿಟ್ಟರು. ಬಲಗಾಲನ್ನು ಎತ್ತಿ ಆಚೆಗಿಟ್ಟರು.

ದಾಟಿದರು. ಆಚೆ ಗೋಡೆಯ ಕಡೆ ನಡೆದರು.

ಕೊಟ್ರೇಶಿ ಪಿಸುಗುಟ್ಟಿದ. "ಉಸ್ತಾದ್ರೇ, ಇನ್ನು ಅವರು ಬೀಳೋದಿಲ್ಲ ಅಲ್ವಾ?"

"ಬೀಳಬಹುದು" ಅಂದರು ಇಮಾಮ್ ಸಾಹೇಬರು. "ಬಿದ್ರೆ, ಯಾಕೆ ಬಿದ್ದೆ ಅಂತ ಮೊದಲು ನೆಲ ನೋಡ್ತಾರೆ, ಕಾಲನ್ನ ಬೈಯೋದಿಲ್ಲ."