ಗೂಡಿನ ಗೋಡೆಯ ಸೊಟ್ಟ ಗೆರೆ

ಬರಹಗಳು ಒಂದರೊಳಗೊಂದು ಬೆರೆಯದಿರಲೆಂದು ಇರುವೆಗಳ ಗೂಡಿನಲ್ಲಿ ಒಂದು ಕಟ್ಟಳೆ ಇತ್ತು. ಅಲ್ಲಿದ್ದ ಒಂದೇ ಕಡ್ಡಿಯನ್ನು ಹಿಡಿದವರು ಮಾತ್ರ ಗೋಡೆಯ ಮೇಲೆ ಸುದ್ದಿ ಗೀರಬೇಕು. ಒಂದು ದಿನ ಕೆಳಬಿಲದಿಂದ ನೀರು ನುಗ್ಗಿತು. ಕಡ್ಡಿ ಹಿಡಿದಿದ್ದ ಇರುವೆ ಅದನ್ನು ಬಿಡದೆಯೇ ಸತ್ತಿತು. ಮುದಿ ಇರುವೆಯೊಂದು ತನ್ನ ದವಡೆಯಿಂದಲೇ ಗೋಡೆ ಗೀರತೊಡಗಿತು.

"ಅಜ್ಜಿ, ಅವನು ಕಡ್ಡಿ ಕೊಡುವವರೆಗೆ ಕಾಯಬೇಕು," ಎಂದಿತು ಕಾವಲಿನ ಇರುವೆ.

"ಸತ್ತವನು ಏನು ಕೊಟ್ಟಾನಪ್ಪ? ನೀವೆಲ್ಲ ಸುಮ್ಮನೆ ನಿಂತಿದ್ದೀರಿ. ನನ್ನ ಬರಹದೊಡನೆ ಬೆರೆಯಲು ಇನ್ಯಾರ ಬರಹವಿದೆ? ನೀರು ಎಲ್ಲಿಂದ ನುಗ್ಗಿತೆಂದು ಮೇವಿಗೆ ಹೋದವರಿಗೆ ತಿಳಿಯದಿದ್ದರೆ ಅವರೂ ಇಲ್ಲೇ ಮುಳುಗುತ್ತಾರೆ."

ನೀರು ಏರಿ ಮುದಿ ಇರುವೆಯನ್ನೂ ಕಾವಲಿನ ಇರುವೆಯನ್ನೂ ಮುಳುಗಿಸಿತು. ಅದು ಇಳಿದ ಮೇಲೆ ಮೇವಿಗೆ ಹೋದ ಇರುವೆಗಳು ಮರಳಿ ಗೋಡೆಯ ಬರಹ ನೋಡಿದವು.

"ಗೆರೆ ಸೊಟ್ಟಗಿದೆ," ಎಂದಿತು ಒಂದು.

"ಓದಲು ಬರುತ್ತದಲ್ಲ," ಎನ್ನುತ್ತಾ ಇನ್ನೊಂದು ಕೆಳಬಿಲಕ್ಕೆ ಮಣ್ಣು ತುಂಬತೊಡಗಿತು.