ಬೇರಿನಜ್ಜನವರು ಸಿಟ್ಟಾದ ದಿನ

ಗುಡ್ಡದ ನಡುವೆ ಮೂರು ಕಡೆ ಬಂಡೆಯೇ ಗೋಡೆಯಾಗಿದ್ದ ಒಂದು ಗವಿ. ನೆಲಕ್ಕೆ ಸಗಣಿ ಸಾರಣೆ, ಮೂಲೆಯಲ್ಲಿ ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ, ಬೇರು ಕುಟ್ಟುವ ಒಂದು ಒರಳು. ಪೂಜ್ಯ ನಿರುಪಾಧಿ ಅಜ್ಜನವರ ಮಠವೆಂದರೆ ಇಷ್ಟೇ. ವರ್ಷಕ್ಕೊಮ್ಮೆ ಅವರು ಪಡುವಣ ಕಾಡಿಗೆ ನಡೆದುಕೊಂಡೇ ಹೋಗಿ ಸರ್ಪಗಂಧಿಯ ಬೇರು ಅಗೆದು ತರುತ್ತಿದ್ದರು. ಮನಸ್ಸು ಕದಡಿದವರಿಗೆ, ಸೆರೆಯ ಚಟ ಬಿಡಲು ಹೋಗಿ ಕೈಕಾಲು ನಡುಗುವವರಿಗೆ, ತಿಂಗಳುಗಟ್ಟಲೆ ನಿದ್ರೆ ಕಾಣದವರಿಗೆ ಅದನ್ನು ಗುಲಗಂಜಿಯಿಂದ ತೂಗಿ, ಹಾಲಿನಲ್ಲಿ ಕಲಸಿ ಕೊಡುತ್ತಿದ್ದರು. ಜನರ ಬಾಯಲ್ಲಿ ಅವರು ಬೇರಿನಜ್ಜ.

ಈಗ ಆ ಹೆಸರಿನ ಪುಡಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಪೊಟ್ಟಣ ಕಟ್ಟಿ ಮಾರುತ್ತಿದ್ದಾರೆ. ಮೇಲೆ ಅಜ್ಜನವರ ಚಿತ್ರ ಬೇರೆ! 'ಮನೆಯಲ್ಲಿ ಗಲಾಟೆ ಮಾಡುವವರಿಗೆ ರಾತ್ರಿ ಒಂದು ಚಮಚ' ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ಓದಿ ನನ್ನ ಮೈ ಉರಿಯಿತು. ಅದಕ್ಕೇ ಈ ಪ್ರಸಂಗ ಬರೆಯುತ್ತಿದ್ದೇನೆ. ಇದನ್ನು ನನಗೆ ಹೇಳಿದವನು ತಪ್ಪು ಮಾಡಿದ ಮುರಿಗೆಪ್ಪನೇ. ತನ್ನ ಮುಪ್ಪಿನಲ್ಲಿ, ಒಂದು ಮಾತನ್ನೂ ಮುಚ್ಚಿಡದೆ ಹೇಳಿದ.

ಮುರಿಗೆಪ್ಪ ಖಣ ನೇಯುವ ನೇಕಾರ. ಅವನ ಹೆಂಡತಿ ಸಂಕವ್ವ ಚೊಚ್ಚಲಿಗೆ ಹೆಣ್ಣು ಹೆತ್ತಳು. ಒಂಬತ್ತನೆಯ ದಿನ ಕೂಸು ತೀರಿಕೊಂಡಿತು. ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ. ತೊಟ್ಟಿಲ ಶಾಸ್ತ್ರ ಆಗುವ ತನಕ ತಂದೆ ಕೂಸಿನ ಮುಖ ನೋಡಬಾರದೆಂಬುದು ಆ ಮನೆತನದ ಪದ್ಧತಿ. ಹೆಸರೇ ಇಲ್ಲದ ಕೂಸಿಗೆ ಅಳುವುದೇನು ಎಂದು ಹಿರಿಯರು ಬಾಣಂತಿಯ ಬಾಯಿ ಮುಚ್ಚಿಸಿದರು. ತಿಂಗಳೊಳಗೆ ಸಂಕವ್ವ ಬಾಗಿಲಲ್ಲಿ ನಿಂತು, "ಹಾಲವ್ವಾ, ಬಾರವ್ವಾ" ಎಂದು ಕೂಗತೊಡಗಿದಳು. ಊಟ ಬಿಟ್ಟಳು, ನಿದ್ರೆ ಬಿಟ್ಟಳು. ಮನೆಯವರು ಕರೆಸಿದ ಮಂತ್ರವಾದಿ, ಹಾಲವ್ವ ಎಂದರೆ ಬಾವಿಗೆ ಬಿದ್ದು ಸತ್ತ ಯಾವಳದೋ ದೆವ್ವ ಎಂದ. ಆ ಹೆಸರು ಅವಳ ಬಾಯಿಂದ ಬಂದಾಗಲೆಲ್ಲ ಬೇವಿನ ಬರಲಿನ ಏಟು, ಮೆಣಸಿನಕಾಯಿ ಹೊಗೆ, ಕಾದ ಕುಡುಗೋಲಿನ ಬರೆ. ಎಂಟು ತಿಂಗಳು! ಹೆತ್ತ ಹೊಟ್ಟೆಯ ಮೇಲೆ ಬರೆ ಎಳೆದ ಆ ಮಂತ್ರವಾದಿಯ ಕೈ ಎಲ್ಲಿ ಹೋಯಿತೋ ನಾನರಿಯೆ. ನರಕಕ್ಕೇ ಹೋಗಿರಲಿ ಎಂದು ಮಾತ್ರ ದೇವರಲ್ಲಿ ಬೇಡುತ್ತೇನೆ.

ಎಲ್ಲ ಮುಗಿದ ಮೇಲೆ ಮುರಿಗೆಪ್ಪ ಹೆಂಡತಿಯನ್ನು ಬಂಡಿಗೆ ಹಗ್ಗದಿಂದ ಬಿಗಿದು ಗುಡ್ಡಕ್ಕೆ ತಂದ. "ಅಜ್ಜಾರ, ಬೇರಿನಿಂದ ದೆವ್ವ ಬಿಡತೈತಿ ಅಂತ ನನಗೇನೂ ನಂಬಿಕಿ ಇಲ್ರಿ. ಆಕಿ ಒಂದು ಸುಮ್ಮನಾದ್ರ ಸಾಕು" ಎಂದ.

ಅಜ್ಜನವರು ತಮ್ಮ ಕೈಯಾರೆ ಹಗ್ಗದ ಗಂಟು ಬಿಚ್ಚಿದರು. "ಒಂಬತ್ತು ದಿನ ಆಕಿ ಕೂಡ ಇಲ್ಲೇ ಇರು" ಎಂದರು. ಅಷ್ಟೇ.

ಬೇರು ಕೊಟ್ಟ ಮೊದಲ ರಾತ್ರಿಯೇ ಸಂಕವ್ವ ನಿದ್ರೆ ಹೋದಳು. ಮೂರನೆಯ ಮುಂಜಾನೆ ತಾನೇ ಎದ್ದು ಮುಖ ತೊಳೆದಳು, ಮಜ್ಜಿಗೆ ಕಲಸಿದ ಜೋಳದ ನುಚ್ಚು ಉಂಡಳು, ಅಜ್ಜನವರ ಹತ್ತಿರ ಕುಳಿತು ಮೆಲ್ಲಗೆ ಏನೋ ಮಾತಾಡಿದಳು. ಮುರಿಗೆಪ್ಪನಿಗೆ ಅದನ್ನು ಕೇಳುವ ಪುರಸೊತ್ತಿರಲಿಲ್ಲ. ಮದುವೆಯ ಸುಗ್ಗಿ, ಮಗ್ಗ ಖಾಲಿ ನಿಂತಿದೆ. ನಾಲ್ಕನೆಯ ದಿನವೇ ಹೊರಟು ನಿಂತ. ಅವನು ನಿಲ್ಲುವವನಲ್ಲವೆಂದು ಕಂಡು ಅಜ್ಜನವರು ಎರಡು ತಿಂಗಳಿಗಾಗುವಷ್ಟು ಪುಡಿ ಕಟ್ಟಿಕೊಟ್ಟರು. "ರಾತ್ರಿ ಹಾಲಿನಾಗ ಎರಡು ಗುಂಜಿ ತೂಕ. ಹೆಚ್ಚು ಬ್ಯಾಡ. ಆಕಿ ಮಾತಾಡಿದ್ರ ಕೂತು ಕೇಳು" ಎಂದರು.

ಮೊದಲನೆಯದು ಮದ್ದು, ಎರಡನೆಯದು ಪಥ್ಯ. ಪಥ್ಯವಿಲ್ಲದ ಮದ್ದು ವಿಷವೆಂದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು, ಈ ಮಹಾರಾಯನಿಗೆ ಗೊತ್ತಾಗಲಿಲ್ಲ. ಮನೆಗೆ ಹೋದ ಎರಡನೆಯ ದಿನ ಸಂಕವ್ವ ಮಗ್ಗದ ಪಕ್ಕ ಕುಳಿತು, "ಹಾಲವ್ವ ಅಂದ್ರ..." ಎಂದು ಶುರು ಮಾಡಿದಳು. ಮುರಿಗೆಪ್ಪ ಬೆಚ್ಚಿಬಿದ್ದ. ಆ ರಾತ್ರಿ ಎರಡು ಗುಂಜಿ ನಾಲ್ಕಾಯಿತು, ಮರುವಾರ ಆರಾಯಿತು. ಸಂಕವ್ವ ಸುಮ್ಮನಾದಳು. ಕೂರಿಸಿದಲ್ಲಿ ಕೂತು ದಿನವಿಡೀ ನೂಲು ಸುತ್ತಿದಳು. ಬೈದರೂ ಇಲ್ಲ, ಕರೆದರೂ ಇಲ್ಲ. ಅತ್ತೆ ಮೆಚ್ಚಿದಳು, ಓಣಿಯೆಲ್ಲ ಮೆಚ್ಚಿತು. ಬಾಯಿಲ್ಲದ ಸೊಸೆಯನ್ನು ಮೆಚ್ಚದ ಓಣಿ ಎಲ್ಲಿದೆ ಹೇಳಿ!

ಇಪ್ಪತ್ತನೆಯ ದಿನ ಮುರಿಗೆಪ್ಪ ಹಲಗೆ ಬಾರಿಸಿಕೊಂಡು, ಬುಟ್ಟಿ ತುಂಬ ಸಕ್ಕರೆ, ತೆಂಗಿನಕಾಯಿ ಹೊರಿಸಿಕೊಂಡು, ಸಂಕವ್ವನ ಕೈ ಹಿಡಿದು ಗುಡ್ಡ ಹತ್ತಿದ. "ಗುಣ ಆಗೇತ್ರಿ ಅಜ್ಜಾರ!"

ಅಜ್ಜನವರು ಸಂಕವ್ವನ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟರು. ಬೆಲ್ಲ ಇಟ್ಟಲ್ಲೇ ಇತ್ತು. "ಸಂಕವ್ವಾ, ಹಾಲವ್ವ ಎಲ್ಲಿ ಅದಾಳವ್ವಾ?" ಎಂದು ಕೇಳಿದರು. ಅವಳ ರೆಪ್ಪೆಯೂ ಅಲುಗಲಿಲ್ಲ.

"ನೋಡ್ರಿ! ದೆವ್ವದ ಹೆಸರು ಸೈತ ಮರತಾಳ" ಎಂದು ಮುರಿಗೆಪ್ಪ ಹಿಗ್ಗಿದ.

ಅಜ್ಜನವರು ಸಿಟ್ಟಾದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅಂದು ಕಂಡರು. ಸಕ್ಕರೆಯ ಬುಟ್ಟಿಯನ್ನು ಎತ್ತಿ ಇಳಿಜಾರಿಗೆ ಎಸೆದರು. ಹಲಗೆಯವರು ತಾವಾಗಿಯೇ ಕೈ ನಿಲ್ಲಿಸಿದರು.

"ದೆವ್ವ ಅಲ್ಲೋ ಮೂಢಾ! ನಿನ್ನ ಮಗಳ ಹೆಸರದು. ನೀವ್ಯಾರೂ ಇಡಲಿಲ್ಲ, ಹೆತ್ತಾಕಿ ಇಟ್ಟಾಳ."

ಮೂರನೆಯ ಮುಂಜಾನೆ ಸಂಕವ್ವ ಅವರಿಗೆ ಹೇಳಿದ್ದು ಅದನ್ನೇ. ಗಂಡನಿಗೆ ಅವಳ ಬಾಯಿಂದಲೇ ತಿಳಿಯಲಿ ಎಂದೇ ಅವರು 'ಕೂತು ಕೇಳು' ಎಂದಿದ್ದರು.

ಮುರಿಗೆಪ್ಪನ ಮುಖ ಬಿಳಿಚಿತು. ಆದರೂ ಮನುಷ್ಯನ ನಾಲಿಗೆ ನೋಡಿ, "ಬೇರು ನೀವ ಕೊಟ್ಟದ್ದಲ್ರೀ?" ಎಂದುಬಿಟ್ಟ.

"ಹೌದು. ಕಟ್ಟಿಕೊಟ್ಟದ್ದು ನನ್ನ ತಪ್ಪು. ನಿದ್ದಿ ಮಾಡಿ ಎದ್ದು ಅಳಲಿ ಅಂತ ಕೊಟ್ಟೆ. ನೀ ಅದರಿಂದ ಆಕಿ ಬಾಯಿ ಹೊಲಿದಿ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಆಕಿಗೆ ಕೊಟ್ಟಷ್ಟ ನೀನೂ ಕುಡಿ."

ಅಂದಿನಿಂದ ಅಜ್ಜನವರು ಬೇರನ್ನು ಯಾರ ಕೈಗೂ ಕಟ್ಟಿಕೊಡಲಿಲ್ಲ. ಪೊಟ್ಟಣದ ವ್ಯಾಪಾರಿಗಳು ಇದನ್ನೂ ಅಚ್ಚು ಹಾಕಿಸಲಿ.

ಮುರಿಗೆಪ್ಪ ಕುಡಿದ. ಅಜ್ಜನವರು ಪಕ್ಕದಲ್ಲೇ ಕುಳಿತು ಕಾಯ್ದರು. ಐದು ದಿನ ಕಳೆದವು. ಆ ಐದು ದಿನಗಳ ಬಗ್ಗೆ ಅವನು ನನಗೆ ಹೇಳಿದ್ದು ಇಷ್ಟು: "ನೊಣ ತುಟಿ ಮ್ಯಾಲೆ ಕುಂತಿತ್ರೀ. ಹೊಡೀಬೇಕು ಅನ್ನಸಲಿಲ್ಲ. ಮನಿಗೆ ಬೆಂಕಿ ಬಿದ್ದೈತಿ ಅಂದ್ರೂ ಏಳ್ತಿದ್ದಿಲ್ಲ. ಆದ್ರ ಒಳಗ ಎಲ್ಲಾ ತಿಳೀತಿತ್ರೀ. ಆಕೀಗೂ ತಿಳೀತಿತ್ತಲ್ಲಾ ಅಂತ ಅದೊಂದ ತಲಿಯಾಗ."

ಇತ್ತ ಸಂಕವ್ವನ ಬೇರನ್ನು ಅಜ್ಜನವರು ದಿನಕ್ಕಿಷ್ಟರಂತೆ ಇಳಿಸುತ್ತ ಬಂದರು. ಹನ್ನೆರಡನೆಯ ದಿನ ಬೆಳಗಾಗುತ್ತಲೇ ಅವಳು ಗವಿ ನಡುಗುವಂತೆ ಚೀರಿದಳು. "ಹಾಲವ್ವಾ! ನನ್ನ ಹಾಲವ್ವಾ!" ಮತ್ತೆ ಹುಚ್ಚು ಕೆರಳಿತೆಂದು ಭಕ್ತರು ಹಗ್ಗ ಹಿಡಿದು ಓಡಿ ಬಂದರು. ಅಜ್ಜನವರು ಬಾಗಿಲಿಗೆ ಅಡ್ಡ ನಿಂತರು.

"ಹಗ್ಗ ಒಲಿಗೆ ಹಾಕ್ರಿ. ಇದು ಹುಚ್ಚಲ್ಲ, ಅಳು. ಹತ್ತು ತಿಂಗಳು ತಡಾ ಆಗೇತಿ."

ಮುರಿಗೆಪ್ಪ ಒಳಗೆ ಹೋದ. ಹೆಂಡತಿಯ ಎದುರು ನೆಲದ ಮೇಲೆ ಕುಳಿತ. ಅವಳು ಅವನ ಕೈ ನೋಡಿ, ಹೊಡೆಯುತ್ತಾನೆಂದು ಹಿಂದೆ ಸರಿದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಸಂಕೀ," ಎಂದ, "ಹಾಲವ್ವ ಹೆಂಗಿದ್ಲ? ನಾ ನೋಡಲಿಲ್ಲಲ್ಲ."

ಸಂಕವ್ವ ಕಣ್ಣೆತ್ತಿ ಅವನ ಮುಖ ನೋಡಿದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ.

"ಹಣಿ ನಿಮ್ಮದ ಇತ್ರೀ" ಎಂದಳು.