ದೊಡ್ಡ ಹೊಟ್ಟೆಯ ಡಿಸ್ಕು

ವೀರಭದ್ರಾಚಾರಿಯ ಫೋಟೊ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಒಂದು ಹಳೇ ಪೆಟ್ಟಿಗೆ. ಅದರೊಳಗೆ ಇಬ್ಬರು ಡಿಸ್ಕಜ್ಜಿಯರು ಊರಿನ ಮದುವೆ ಫೋಟೊಗಳನ್ನೆಲ್ಲ ಕಾಪಾಡಿಕೊಂಡಿದ್ದರು. ಒಬ್ಬಳಿಗೆ ಗೊತ್ತಿದ್ದದ್ದೆಲ್ಲ ಇನ್ನೊಬ್ಬಳಿಗೂ ಗೊತ್ತು. ಜಾಗ ಸಾಲದೆ ಹೋದಾಗ ಆಚಾರಿ ಕಿರಿಯಜ್ಜಿಯನ್ನು ಗುಜರಿಗೆ ಹಾಕಿ, ಅಲ್ಲಿ ದೊಡ್ಡ ಡಿಸ್ಕೊಂದನ್ನು ಕೂರಿಸಿದ. ಹಿರಿಯಜ್ಜಿ ಈ ಹೊಸಬನಿಗೆ ಎಲ್ಲವನ್ನೂ ಹೇಳಿಕೊಟ್ಟ ಮೇಲೆ ಅವಳ ಜಾಗಕ್ಕೂ ಇನ್ನೊಂದು ದೊಡ್ಡದು ಬರುವುದಿತ್ತು. ಅಲ್ಲಿಯವರೆಗೆ ಪೆಟ್ಟಿಗೆಯ ದೀಪ ಮಿಣುಕುತ್ತಿರಬೇಕು, ಮುಗಿದರೆ ಹಸಿರಾಗಬೇಕು.

“ನನ್ನ ಹೊಟ್ಟೇಲಿ ನಿನ್ನಂಥವರು ನಾಲ್ಕು ಜನ ಮಲಗಬಹುದು, ಅಜ್ಜಿ,” ಅಂದ ಹೊಸಬ.

“ಮಲಗಲಿ ಮಗಾ. ಈಗ ಕೇಳಿಸಿಕೋ. ಇದು ಹೂ ಮಾರೋ ಸಾಕವ್ವನ ಧಾರೆ.”

ಅದು ಅರ್ಧವಾಗುವಷ್ಟರಲ್ಲಿ ಹೊಸಬನಿಗೆ ಆಕಳಿಕೆ ಬಂತು. “ಎಲ್ಲ ಮದುವೇಲೂ ಅದೇ ಬಾಸಿಂಗ, ಅದೇ ಹಲ್ಲು ಕಿರಿಯೋದು. ಇಷ್ಟು ಸಾಲದಾ? ದೀಪಕ್ಕಾ, ಹಸಿರಾಗು.”

ಮಿಣುಕಿ ಮಿಣುಕಿ ಸಾಕಾಗಿದ್ದ ದೀಪ ಹಸಿರಾಗಿಯೇ ಬಿಟ್ಟಿತು. ಅದನ್ನು ನಂಬಿ ಆಚಾರಿ ಅಜ್ಜಿಯನ್ನು ಕಿತ್ತು ಮೇಜಿನ ಮೇಲಿಟ್ಟ. ತನ್ನಲ್ಲಿರುವ ಊರಿನ ಮುಖಗಳೆಲ್ಲ ಇಲ್ಲೇ ಮುಗಿದವಲ್ಲ ಎಂದು ಅಜ್ಜಿಗೆ ಸಂಕಟವಾಯಿತು.

ಮಾರನೇ ದಿನ ಸಾಕವ್ವ ಬಂದು, ತೀರಿಹೋದ ಗಂಡನ ಮದುವೆ ಫೋಟೊ ಕೇಳಿದಳು. ಹೊಸಬ ತಡಕಾಡಿ ತಡಕಾಡಿ ಒಂದು ಪೇಟ ತೋರಿಸಿದ. ಪೇಟದ ಕೆಳಗೆ ಮುಖವೇ ಇರಲಿಲ್ಲ.

“ಆಚಾರೀ, ನಾನು ಪೇಟಾನ ಮದುವೆ ಆಗಿದ್ನಾ?” ಅಂದಳು ಸಾಕವ್ವ.

ಆಚಾರಿ ಬೆವರು ಒರೆಸಿಕೊಂಡು ಅಜ್ಜಿಯನ್ನು ಮತ್ತೆ ಒಳಗೆ ಕೂರಿಸಿದ.

“ನನ್ನ ಹೊಟ್ಟೆ ದೊಡ್ಡದಂತೂ ಹೌದಲ್ವಾ ಅಜ್ಜಿ?” ಹೊಸಬ ಮೆತ್ತಗೆ ಕೇಳಿದ.

“ಹೌದು ಮಗಾ. ಅದಕ್ಕೇ ಎಲೆ ಬಿಟ್ಟು ಏಳಬೇಡ, ಇನ್ನೂ ಬಡಿಸ್ತಾ ಇದ್ದೀನಿ.”